ಬೀಟೆ ಮರ ಇಲ್ಲದ ಅಗ್ಗದ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಒಳ್ಳೆಯ ನಾದ ಬರುವುದಿಲ್ಲವೇ?

ಕೊಡಿಗೇಹಳ್ಳಿ, ಯಲಹಂಕ ಕಡೆಯ ಬಾಡಿಗೆ ಮನೆ, ಪಿ.ಜಿ.ಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ಕಡಿಮೆ ಬೆಲೆಯ ಗಿಟಾರ್ ಮತ್ತು ಪುಟ್ಟ ಆಂಪ್ಲಿಫೈಯರ್‌ನಿಂದಲೇ ಶುರು ಮಾಡುತ್ತಾರೆ. ಸದ್ದು ಚೆನ್ನಾಗಿಲ್ಲ ಎಂದ ಕೂಡಲೇ ಸಲಹೆಗಳು ಬರುತ್ತವೆ. ಪದೇ ಪದೇ ಕೇಳಿಬರುವ ಮೂರು ಮಾತುಗಳನ್ನು ಇಲ್ಲಿ ನೋಡೋಣ. ಒಂದು ಬಹುಪಾಲು ತಪ್ಪು, ಇನ್ನೊಂದು ಅರ್ಧ ಸತ್ಯ, ಮೂರನೆಯದು ಪ್ರಾಣಕ್ಕೇ ಅಪಾಯ.

ಮಾತು 1: ಬೀಟೆಯಂಥ ದುಬಾರಿ ಮರ ಇದ್ದರೆ ಮಾತ್ರ ನಾದ

ವಾಸ್ತವ: ಬಹುಪಾಲು ತಪ್ಪು.

ವೀಣೆಯಲ್ಲಿ ತಂತಿಯ ಕಂಪನ ಹಲಸಿನ ಮರದ ಕೊಡಕ್ಕೆ ಇಳಿದು, ಅಲ್ಲಿಂದ ಗಾಳಿಗೆ ಸೇರುತ್ತದೆ. ಅಲ್ಲಿ ಮರವೇ ಧ್ವನಿವರ್ಧಕ. ಎಲೆಕ್ಟ್ರಿಕ್ ಗಿಟಾರ್‌ನ ದಾರಿ ಬೇರೆ. ತಂತಿಗಳ ಕೆಳಗಿರುವ 'ಪಿಕಪ್' ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಇದೇ ಗಿಟಾರ್‌ಗೆ ನೈಲಾನ್ ತಂತಿ ಹಾಕಿದರೆ ಪಿಕಪ್ ಅದನ್ನು ಗುರುತಿಸುವುದೇ ಇಲ್ಲ.

ಇತಿಹಾಸದಲ್ಲೂ ಸಾಕ್ಷಿ ಇದೆ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಮೊದಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಒಂದು. ಅದರ ಮೈ ಅಲ್ಯೂಮಿನಿಯಂ ಎರಕದ್ದು!

ನಮ್ಮ ಪಶ್ಚಿಮ ಘಟ್ಟದ ಬೀಟೆ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬಳಕೆಯಾಗುವುದು ಹೆಚ್ಚಾಗಿ ಬೆರಳು ಒತ್ತುವ ಪಟ್ಟಿಗೆ. ಈ ಜಾತಿಯ ಮರಗಳನ್ನು 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ 'ಸೈಟಿಸ್' ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅದರ ಬೆಲೆ, ಹೆಸರಿಗೆ ಅಪರೂಪವೂ ಒಂದು ಕಾರಣ. ಮರದ ಪಾತ್ರ ಸೊನ್ನೆ ಎಂದಲ್ಲ. ತಂತಿ, ಪಿಕಪ್, ಸ್ಪೀಕರ್‌ಗಳ ಮುಂದೆ ಅದು ಚಿಕ್ಕದು.

ಮಾತು 2: ಹೊಸ ಪಿಕಪ್, ಪೆಡಲ್ ಕೊಂಡರೆ ಎಲ್ಲ ಸರಿ

ವಾಸ್ತವ: ಅರ್ಧ ಸತ್ಯ. ಅದಕ್ಕೂ ಮುನ್ನ, ಕಡಿಮೆ ಖರ್ಚಿನ ಇವನ್ನು ಇದೇ ಕ್ರಮದಲ್ಲಿ ಮಾಡಿ ನೋಡಿ.

• ತಂತಿ ಬದಲಿಸಿ. ಬೆವರು, ಜಿಡ್ಡು, ತುಕ್ಕು ಸೇರಿದ ತಂತಿಯ ಸ್ವರ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿದರೆ ಹೆಚ್ಚು ದಿನ ಬರುತ್ತದೆ.

• ಶ್ರುತಿ ಪರೀಕ್ಷಿಸಿ. ಖಾಲಿ ತಂತಿ ಶ್ರುತಿಯಲ್ಲಿದ್ದು 12ನೇ ಫ್ರೆಟ್‌ನಲ್ಲಿ ಏರಿದ್ದರೆ, ಆ ತಂತಿ ಕೂರುವ ಸ್ಯಾಡಲ್ ಅನ್ನು ಸ್ವಲ್ಪ ಹಿಂದಕ್ಕೆ ಸರಿಸಿ; ಇಳಿದಿದ್ದರೆ ಮುಂದಕ್ಕೆ. ಫೋನ್‌ನ ಟ್ಯೂನರ್ ಆ್ಯಪ್ ಸಾಕು.

• ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ಸುಮಾರು 2ರಿಂದ 3 ಮಿ.ಮೀ. ಅಂತರವಿಟ್ಟು ಶುರುಮಾಡಿ. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೇಲಾಡುತ್ತದೆ. ಇದಕ್ಕೆ ಬೇಕಾಗಿರುವುದು ಒಂದು ಸ್ಕ್ರೂಡ್ರೈವರ್ ಅಷ್ಟೇ.

• ಆಂಪ್ಲಿಫೈಯರ್ ಅನ್ನು ನೆಲದ ಮೂಲೆಯಿಂದ ಎತ್ತಿ ಕುರ್ಚಿಯ ಮೇಲಿಡಿ. ಮೂಲೆಯಲ್ಲಿ ಮಂದ್ರ ಸ್ವರ ಉಬ್ಬುತ್ತದೆ, ತಾರ ಸ್ವರ ಕಿವಿಗಲ್ಲ, ಮೊಣಕಾಲಿಗೆ ಹೋಗುತ್ತದೆ. ಗುಬುಟುಗಳನ್ನೆಲ್ಲ ಮಧ್ಯಕ್ಕೆ ತಂದು, ಗೇನ್ ಇಳಿಸಿ, ಅಲ್ಲಿಂದ ಶುರುಮಾಡಿ.

• ಹೋಮ್ ಥಿಯೇಟರ್‌ಗೆ ನೇರವಾಗಿ ಜೋಡಿಸಿದಾಗ ಡಿಸ್ಟಾರ್ಶನ್ ಕರ್ಕಶವಾಗುವುದು ಸಹಜ. ಗಿಟಾರ್ ಸ್ಪೀಕರ್‌ಗಳು ಸುಮಾರು 5,000 ಹರ್ಟ್ಸ್ ದಾಟಿದ ಸದ್ದನ್ನು ಬಹಳವಾಗಿ ತಗ್ಗಿಸುತ್ತವೆ, ಮನೆಯ ಸ್ಪೀಕರ್ ತಗ್ಗಿಸುವುದಿಲ್ಲ. ಆ್ಯಪ್‌ಗಳಲ್ಲಿರುವ 'ಕ್ಯಾಬಿನೆಟ್ ಸಿಮ್ಯುಲೇಶನ್' ಇದಕ್ಕೇ ಇರುವುದು. ಬ್ಲೂಟೂತ್ ಬೇಡ, ಸ್ವರ ತಡವಾಗಿ ಕೇಳಿ ತಾಳ ತಪ್ಪುತ್ತದೆ.

ಇಷ್ಟಾದ ಮೇಲೂ ತೃಪ್ತಿ ಇಲ್ಲದಿದ್ದರೆ ಆಗ ಪಿಕಪ್ ಅಥವಾ ಒಳ್ಳೆಯ ಸ್ಪೀಕರ್‌ನ ಆಂಪ್ಲಿಫೈಯರ್ ಯೋಚಿಸಿ. ಕರಕರ ಎನ್ನುವ ಗುಬುಟು, ಸಡಿಲ ಜ್ಯಾಕ್ ಬದಲಿಸಲು ಬೇಕಾದ ಬಿಡಿಭಾಗಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಮಾತು 3: 'ಗುಂಯ್' ಸದ್ದು ಬಂದರೆ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ

ವಾಸ್ತವ: ಖಂಡಿತ ಮಾಡಬೇಡಿ.

ಮೂರು ಪಿನ್ನಿನ ಪ್ಲಗ್‌ನ ಮೇಲಿನ ದಪ್ಪ ಪಿನ್ ಅರ್ಥಿಂಗ್‌ಗೆ. ಹೆಚ್ಚಿನ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ತಂತಿಗಳು ಒಳಗಿನ ವೈರ್ ಮೂಲಕ ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೆ, ಅಲ್ಲಿಂದ ಈ ಪಿನ್ನಿಗೆ ಸೇರಿರುತ್ತವೆ. ಪಿನ್ ತೆಗೆದಾಗ ಕೆಲವೊಮ್ಮೆ ಸದ್ದು ಕಡಿಮೆಯಾಗುತ್ತದೆ ನಿಜ. ಆದರೆ ಆಮೇಲೆ ಆಂಪ್ಲಿಫೈಯರ್ ಒಳಗೆ ದೋಷವಾಗಿ ಲೈವ್ ವೈರ್ ಚೌಕಟ್ಟಿಗೆ ತಗುಲಿದರೆ, ನಿಮ್ಮ ಬೆರಳ ಕೆಳಗಿನ ತಂತಿಗೇ 230 ವೋಲ್ಟ್ ಬರಬಹುದು. ಅದೇ ಹೊತ್ತಿಗೆ ಅರ್ಥಿಂಗ್ ಇರುವ ಮೈಕ್ ಮುಟ್ಟಿದರೆ ಕರೆಂಟ್ ಹರಿಯುವುದು ನಿಮ್ಮ ಮೈಮೂಲಕ.

ಇದು ಬರೀ ಊಹೆಯಲ್ಲ. 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. 'ಯಾರ್ಡ್‌ಬರ್ಡ್ಸ್' ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ತೀರಿಕೊಂಡರು.

ಗುಂಯ್ ಸದ್ದಿಗೆ ಸುರಕ್ಷಿತ ದಾರಿಗಳಿವೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಒಂದೇ ಸುರುಳಿಯ ಪಿಕಪ್ ಆ ಕ್ಷೇತ್ರವನ್ನೂ ಹಿಡಿದುಕೊಳ್ಳುತ್ತದೆ. ಚಾರ್ಜರ್, ಎಲ್‌ಇಡಿ ದೀಪಗಳಿಂದ ದೂರ ಕುಳಿತು, ಗಿಟಾರ್‌ನ ದಿಕ್ಕು ತಿರುಗಿಸಿ ನೋಡಿ. ಪೆಡಲ್‌ಗೆ ಅಡಾಪ್ಟರ್ ಬದಲು 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಸದ್ದು ನಿಂತರೆ ತಪ್ಪು ಅಡಾಪ್ಟರ್‌ನದು. ಎರಡು ಸುರುಳಿಗಳಿಂದ ಈ ಸದ್ದನ್ನು ಪರಸ್ಪರ ಅಳಿಸಿಹಾಕುವ 'ಹಂಬಕರ್' ಪಿಕಪ್ ಅನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ರೂಪಿಸಿದ್ದೇ ಇದಕ್ಕಾಗಿ.

ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಗಾಬರಿ ಬೇಡ, ಅದು ಸಾಮಾನ್ಯ. ಜುಮ್ಮೆಂದರೆ ಮಾತ್ರ ಕೂಡಲೇ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನಿಂದ ಸಾಕೆಟ್‌ನ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಕಟ್ಟಡಗಳಲ್ಲಿ ಮೂರನೇ ತೂತು ಇದ್ದರೂ ಅದರ ಹಿಂದೆ ವೈರ್ ಇಲ್ಲದಿರಬಹುದು. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದರೆ ಇನ್ನಷ್ಟು ರಕ್ಷಣೆ.

ಗಿಟಾರ್ ಕಲಿಯುವ ಗೆಳೆಯರ ಗುಂಪಿಗೆ ಇದರಲ್ಲಿ ಒಂದೇ ವಿಷಯ ಕಳಿಸುವುದಾದರೆ, ಮೂರನೇ ಪಿನ್ನಿನದನ್ನು ಕಳಿಸಿ. ತಂತಿ ನಾಳೆಯೂ ಬದಲಿಸಬಹುದು.