‘ಪೆಟ್ರೊ’ ಎಂದರೆ ಪೆಟ್ರೋಲಲ್ಲ, ಕಲ್ಲು!

ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಸೌರಫಲಕಗಳೇ. ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ, 2018ರಲ್ಲಿ ಆರಂಭವಾದ ಈ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ಕಲ್ಲಿದ್ದಲು, ತೈಲಗಳ ಹಂಗಿಲ್ಲದ ವಿದ್ಯುತ್ತು ಎಂಬುದೇ ಇದರ ಹಿರಿಮೆ. ಆದರೆ ಇಂಥ ಫಲಕಗಳ ಗಾಜಿನಡಿ ಸಾಮಾನ್ಯವಾಗಿ ‘ಎಥಿಲೀನ್ ವಿನೈಲ್ ಅಸಿಟೇಟ್’ ಎಂಬ ತೆಳು ಪದರವಿರುತ್ತದೆ. ಸೌರಕೋಶಗಳನ್ನು ಗಾಜಿಗೆ ಅಂಟಿಸಿ ಕಾಪಾಡುವ ಈ ಪ್ಲಾಸ್ಟಿಕ್ ಪೆಟ್ರೊಕೆಮಿಕಲ್ ವರ್ಗಕ್ಕೆ ಸೇರಿದ್ದು.

ಏನಿದು ಪೆಟ್ರೊಕೆಮಿಕಲ್? ಹೆಸರು ಕೇಳಿದೊಡನೆ ನೆನಪಾಗುವುದು ಪೆಟ್ರೋಲ್ ಬಂಕ್. ಆದರೆ ‘ಪೆಟ್ರ’ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ. ಅದಕ್ಕೆ ಲ್ಯಾಟಿನ್ನಿನ ‘ಓಲಿಯಂ’ ಅಂದರೆ ಎಣ್ಣೆ ಸೇರಿ ಪೆಟ್ರೋಲಿಯಂ ಆಯಿತು. ಜರ್ಮನಿಯ ಖನಿಜ ತಜ್ಞ ಜಾರ್ಜಿಯಸ್ ಅಗ್ರಿಕೋಲ 1546ರ ತನ್ನ ಗ್ರಂಥದಲ್ಲಿ ಈ ಪದವನ್ನು ಬಳಸಿದ್ದಾನೆ. ಕನ್ನಡದ ‘ಕಲ್ಲೆಣ್ಣೆ’, ‘ಶಿಲಾತೈಲ’ಗಳ ಅರ್ಥವೂ ಇದೇ.

ಕುತೂಹಲದ ಸಂಗತಿಯೆಂದರೆ, ‘ಓಲಿಯಂ’ ಹುಟ್ಟಿದ್ದು ಆಲಿವ್ ಕಾಯಿಯ ಹೆಸರಿನಿಂದ. ನಮ್ಮ ‘ಎಣ್ಣೆ’ಯ ಮೂಲ ಎಳ್ಳು. ‘ಎಳ್’ ಮತ್ತು ತುಪ್ಪ ಎಂಬರ್ಥದ ‘ನೆಯ್’ ಕೂಡಿದ ಪದವಿದು. ಮುಂದೆ ಕಡಲೆಕಾಯಿಯದೂ ಎಣ್ಣೆಯಾಯಿತು, ಹೊಂಗೆಯದೂ ಎಣ್ಣೆಯಾಯಿತು. ಹಡಗೇರಿ ಬಂದ ದೀಪದ ಎಣ್ಣೆಯನ್ನು ಜನ ‘ಸೀಮೆಎಣ್ಣೆ’ ಎಂದರು, ಪರದೇಶದ್ದು ಎಂಬ ಅರ್ಥದಲ್ಲಿ.

ಹಾಗಾದರೆ ಕಲ್ಲೆಣ್ಣೆ ಕಲ್ಲಿನಿಂದ ಬಂದದ್ದೇ? ಅಲ್ಲ. ಕಡಲ ತಳದಲ್ಲಿ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷ ಕೋಟ್ಯಂತರ ವರ್ಷ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹೀಗಾಯಿತು. ಬಂಡೆ ಅದಕ್ಕೆ ಪಾತ್ರೆ ಮಾತ್ರ. ಕರಗಿದ ಶಿಲಾರಸ ತಣಿದು ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಪಾವಗಡ ಸೀಮೆಯ ಗ್ರಾನೈಟ್ ಬೆಟ್ಟಗಳಲ್ಲಿ ಎಷ್ಟು ಅಗೆದರೂ ತೈಲ ಸಿಗದು.

ಕಚ್ಚಾತೈಲ, ನೈಸರ್ಗಿಕ ಅನಿಲಗಳಿಂದ ಪಡೆದ ರಾಸಾಯನಿಕಗಳೇ ಪೆಟ್ರೊಕೆಮಿಕಲ್‌ಗಳು. 1920ರಲ್ಲಿ ಅಮೆರಿಕದಲ್ಲಿ ತಯಾರಾದ ಐಸೊಪ್ರೊಪೈಲ್ ಆಲ್ಕೊಹಾಲ್ ಉದ್ಯಮ ಪ್ರಮಾಣದಲ್ಲಿ ಬಂದ ಇವುಗಳಲ್ಲಿ ಮೊದಲನೆಯದೆನ್ನುತ್ತಾರೆ. ಇಂದು ಬಕೆಟ್ಟು, ಪಾಲಿಯೆಸ್ಟರ್ ಸೀರೆ, ಹೊಲದ ಹನಿ ನೀರಾವರಿ ಪೈಪು ಎಲ್ಲದರ ಹಿಂದೆಯೂ ಇವೇ ಇವೆ. 1988ರಲ್ಲಿ ಸ್ಥಾಪನೆಯಾದ ಎಂ.ಆರ್.ಪಿ.ಎಲ್. ಕಂಪನಿಯ ಹೆಸರಿನ ‘ಪಿ’ ಸೂಚಿಸುವುದೂ ಪೆಟ್ರೊಕೆಮಿಕಲ್ಸ್ ಅನ್ನೇ. ಮಂಗಳೂರಿನ ಅದರ ಸಂಸ್ಕರಣಾಗಾರದಲ್ಲಿ ಪ್ಲಾಸ್ಟಿಕ್ ಕಚ್ಚಾವಸ್ತುವಾದ ಪಾಲಿಪ್ರೊಪಿಲೀನ್ ತಯಾರಾಗುತ್ತದೆ.

ಪದದ ಅರ್ಥ ತಿಳಿಯುವುದು ಇಲ್ಲಿ ಬರೀ ನಿಘಂಟಿನ ಮಾತಲ್ಲ. ಪೆಟ್ರೋಲು ಉರಿದು ಹೊಗೆಯಾಗುತ್ತದೆ. ಪ್ಲಾಸ್ಟಿಕ್ ಆದ ಪೆಟ್ರೊಕೆಮಿಕಲ್ ಉಳಿಯುತ್ತದೆ. ಗಾಜಿಗೆ ಬಿಗಿಯಾಗಿ ಅಂಟಿದ ಆ ಪದರದಿಂದಾಗಿಯೇ ಹಳೆಯ ಫಲಕಗಳನ್ನು ಬಿಡಿಸಿ ಮರುಬಳಸುವುದು ಕಷ್ಟ. ಕೇಂದ್ರ ಸರ್ಕಾರದ 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ಒಳಗೊಂಡಿವೆ. ತಿರುಮಣಿ ಸುತ್ತಲಿನ ರೈತರು ಭೂಮಿಯನ್ನು ಮಾರಿಲ್ಲ, 28 ವರ್ಷಗಳ ಗುತ್ತಿಗೆಗೆ ಕೊಟ್ಟಿದ್ದಾರೆ. ಅವಧಿ ಮುಗಿದು ಹೊಲ ಕೈಗೆ ಬಂದಾಗ ಅದು ಮತ್ತೆ ಕಡಲೆಕಾಯಿ ಬಿತ್ತುವಂತಿರಬೇಕಾದರೆ, ಗಾಜಿನಡಿಯ ಈ ಕಲ್ಲೆಣ್ಣೆಯ ಕೂಸನ್ನು ಹೊತ್ತೊಯ್ಯುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು.