ಹೆಸರು ಹೇಳದ ‘ನಾನು’: ಕೊಪ್ಪಳದ ಮೌರ್ಯ ಶಾಸನಗಳು ಮತ್ತು ಕರ್ತೃತ್ವದ ಪ್ರಶ್ನೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬ್ರಾಹ್ಮೀ ಶಾಸನಗಳು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಮರುವರ್ಷ ಆರ್. ಎಲ್. ಟರ್ನರ್ ಅವುಗಳನ್ನು ಹೈದರಾಬಾದ್ ಪುರಾತತ್ವ ಮಾಲಿಕೆಯಲ್ಲಿ ಸಂಪಾದಿಸಿದರು. ಪಾಲ್ಕಿಗುಂಡಿನ ಪಾಠ ಬಹುಪಾಲು ಸವೆದುಹೋಗಿದೆ. ಚೆನ್ನಾಗಿ ಉಳಿದಿರುವ ಗವಿಮಠದ ಪಾಠದಲ್ಲಿ ಮಾತನಾಡುವವನು ತನ್ನನ್ನು ‘ದೇವಾನಂಪಿಯ’ ಎಂದಷ್ಟೇ ಕರೆದುಕೊಳ್ಳುತ್ತಾನೆ. ‘ಅಶೋಕ’ ಎಂಬ ಹೆಸರು ಅಲ್ಲಿಲ್ಲ. ಹಾಗಿದ್ದರೂ ಇವನ್ನು ಅಶೋಕನ ಶಾಸನಗಳೆಂದು ಯಾವ ಆಧಾರದ ಮೇಲೆ ಕರೆಯುತ್ತೇವೆ ಎಂಬುದೇ ಇಲ್ಲಿ ನಮ್ಮ ವಿಚಾರ.

ಪ್ರಶ್ನೆ ಹಳೆಯದು. 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲಿಗೆ ಈ ಅರಸನನ್ನು ಸಿಂಹಳದ ದೇವಾನಂಪಿಯ ತಿಸ್ಸನೆಂದು ಭಾವಿಸಿದರು. ಪಿಯದಸ್ಸಿ ಎಂಬುದು ಚಂದ್ರಗುಪ್ತನ ಮೊಮ್ಮಗ ಅಶೋಕನ ಹೆಸರೆಂದು ಜಾರ್ಜ್ ಟರ್ನರ್ ‘ದೀಪವಂಸ’ದ ಆಧಾರದಿಂದ ತೋರಿಸಿದರು. ಅಂದರೆ ಆ ಗುರುತು ಸಾಹಿತ್ಯಮೂಲವನ್ನು ಅವಲಂಬಿಸಿತ್ತು. 1915ರಲ್ಲಿ ಮಸ್ಕಿಯ ಶಾಸನ ದೊರೆತಾಗ ‘ದೇವಾನಂಪಿಯಸ ಅಸೋಕಸ’ ಎಂಬ ಪಾಠ ಬಂಡೆಯ ಮೇಲೆಯೇ ಸಿಕ್ಕಿತು.

ಇಲ್ಲಿಗೆ ವಿಚಾರ ಮುಗಿಯಲಿಲ್ಲ. ‘ದೇವಾನಂಪಿಯ’ ಎಂಬುದು ಒಬ್ಬನಿಗೇ ಮೀಸಲಾದ ಬಿರುದಲ್ಲ. ಎಂಟನೆಯ ಬಂಡೆಶಾಸನದಲ್ಲಿ ಹಿಂದಿನ ಅರಸರನ್ನು ಕುರಿತು ಗಿರ್ನಾರದ ಪಾಠ ‘ರಾಜರು’ ಎನ್ನುವಲ್ಲಿ ಕಾಲ್ಸಿಯ ಪಾಠ ಈ ಪದವನ್ನೇ ಬಹುವಚನದಲ್ಲಿ ಬಳಸುತ್ತದೆ. ನಾಗಾರ್ಜುನಿ ಗುಹೆಗಳಲ್ಲಿ ದಶರಥನಿಗೂ ಇದೇ ಬಿರುದಿದೆ. ಆದ್ದರಿಂದ ಬಿರುದೊಂದರಿಂದಲೇ ಗವಿಮಠದ ಕರ್ತೃವನ್ನು ನಿರ್ಣಯಿಸಲಾಗದು. 2015ರಲ್ಲಿ ಕ್ರಿಸ್ಟೋಫರ್ ಬೆಕ್‌ವಿತ್ ಈ ಸಂದೇಹವನ್ನು ಮುಂದೊಯ್ದು, ಪ್ರಧಾನ ಶಾಸನಗಳ ಪ್ರಿಯದರ್ಶಿ ಮತ್ತು ಕಿರು ಶಾಸನಗಳ ಅಶೋಕ ಒಬ್ಬನೇ ಎಂಬ ಗ್ರಹಿಕೆಯನ್ನೇ ಪ್ರಶ್ನಿಸಿದರು. ಈ ವಾದ ಸರಿಯಾದರೆ ಕೊಪ್ಪಳದ ಶಾಸನಗಳ ಕಾಲ, ಭಾಷೆ ಎರಡನ್ನೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಆದರೆ ಮಧ್ಯಪ್ರದೇಶದ ಗುಜರಾದ ಕಿರು ಶಾಸನ ‘ದೇವಾನಂಪಿಯಸ ಪಿಯದಸಿನೋ ಅಸೋಕರಾಜಸ’ ಎಂದು ಮೂರನ್ನೂ ಒಟ್ಟಿಗೆ ಹೇಳುತ್ತದೆ. ಬೌದ್ಧ ಸಂಘವನ್ನು ಸಂಬೋಧಿಸುವ ಬೈರಾಟದ ಶಾಸನದಲ್ಲಿ ಬರುವ ಹೆಸರು ಪ್ರಿಯದರ್ಶಿಯದೇ. ಈ ಎರಡನ್ನೂ ಬದಿಗಿಟ್ಟರೆ ಮಾತ್ರ ಇಬ್ಬರು ಕರ್ತೃಗಳ ವಾದ ನಿಲ್ಲಬಲ್ಲದು.

ಹಾಗಾದರೆ ಹೆಸರು ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರುವುದೇಕೆ? ಉತ್ತರದ ಸುಳಿವು ಬ್ರಹ್ಮಗಿರಿಯಲ್ಲಿದೆ. ಅಲ್ಲಿನ ಪಾಠ ಅರಸನ ಮಾತಿನಿಂದ ಆರಂಭವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಅನಂತರ ‘ದೇವಾಣಂಪಿಯೇ ಆಣಪಯತಿ’ ಎಂದು ಆಜ್ಞೆಯನ್ನು ಮುಟ್ಟಿಸುತ್ತಾರೆ. ಕೊನೆಯಲ್ಲಿ ಬರೆದವನು ಚಪಡ. ‘ಲಿಪಿಕರ’ ಎಂಬ ಪದ ಮಾತ್ರ ಖರೋಷ್ಠಿಯಲ್ಲಿದೆ. ಭಾಷೆಯೂ ಈ ಹಂತಗಳನ್ನು ತೋರುತ್ತದೆ: ಪ್ರಥಮಾ ವಿಭಕ್ತಿಯ ಏಕಾರ ಮಾಗಧದ್ದು, ‘ಆರೋಗಿಯಂ’ ಪದದ ರಕಾರ ಮತ್ತು ‘ದೇವಾಣಂಪಿಯೇ’ಯ ಣಕಾರ ಮಾಗಧದವಲ್ಲ. ಆಜ್ಞಾಪಿಸಿದವನು, ರವಾನಿಸಿದವರು, ಬರೆದವನು ಬೇರೆ ಬೇರೆ. ತಲೆಬರಹವು ಎರಡನೆಯ ಹಂತಕ್ಕೆ ಸೇರಿದ್ದು. ಈ ಸುವರ್ಣಗಿರಿಯನ್ನು ಗಂಗಾವತಿ ಸೀಮೆಯ ಕನಕಗಿರಿಯೆಂದು ಕೆಲವರೂ ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರೂ ಗುರುತಿಸಿದ್ದಾರೆ.

ಮಸ್ಕಿಯ ಹೆಸರು ಷಷ್ಠೀ ವಿಭಕ್ತಿಯಲ್ಲಿರುವುದು ಇಲ್ಲಿ ಗಮನಾರ್ಹ. ಅದು ‘ಅಶೋಕನ (ಆಜ್ಞೆ)’ ಎಂಬ ಶೀರ್ಷಿಕೆ. ಅದರ ಮುಂದಿನ ವಾಕ್ಯಗಳು ಉತ್ತಮ ಪುರುಷದಲ್ಲಿವೆ. ಗವಿಮಠದಲ್ಲೂ ಅದೇ ‘ನಾನು’ ಎರಡೂವರೆ ವರ್ಷಗಳಿಗೂ ಮೀರಿ ಉಪಾಸಕನಾಗಿದ್ದುದನ್ನು ಹೇಳುತ್ತಾನೆ. ‘ಉಪಾಸಕ’ ಎಂಬಲ್ಲಿ ಮಸ್ಕಿಯ ಪಾಠ ‘ಬುಧಸಕೆ’ ಎನ್ನುತ್ತದೆ. ಶೀರ್ಷಿಕೆ ಭಿನ್ನ, ಒಡಲು ಒಂದೇ. ಕರ್ತೃತ್ವಕ್ಕೆ ನಮ್ಮ ಆಧಾರ ಈ ಒಡಲು.

ಈಶಾನ್ಯ ಆಫ್ರಿಕದ ಅಡೂಲಿಸ್‌ನ ಗ್ರೀಕ್ ಶಾಸನದ ಚರಿತ್ರೆ ಇದಕ್ಕೆ ವ್ಯತಿರಿಕ್ತ ನಿದರ್ಶನ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಅಲ್ಲಿ ಮೂರನೆಯ ಟಾಲೆಮಿಯ ಶಿಲಾಪಾಠವನ್ನೂ ಕಲ್ಲಿನ ಪೀಠವೊಂದರ ಪಾಠವನ್ನೂ ನಕಲು ಮಾಡಿಕೊಂಡನು. ಪೀಠದ ಪಾಠದ ತಲೆಭಾಗ ಉಳಿದಿಲ್ಲವಾದ್ದರಿಂದ ಅದರ ‘ನಾನು’ವನ್ನೂ ಬಹುಕಾಲ ಟಾಲೆಮಿಯೆಂದೇ ಓದಲಾಯಿತು. ಅದು ಅಕ್ಸುಮ್‌ನ ಅರಸನೊಬ್ಬನದೆಂದು ಗುರುತಿಸಿದವರು ಹೆನ್ರಿ ಸಾಲ್ಟ್. ಅವನ ಹೆಸರು ಇಂದಿಗೂ ವಿವಾದಾಸ್ಪದ. ಹೋಲಿಸಲು ಇನ್ನೊಂದು ಪ್ರತಿ ಅಲ್ಲಿಲ್ಲ.

ಕೊಪ್ಪಳದ ಭಾಗ್ಯ ಬೇರೆ. ಅದೇ ಪಾಠದ ಪ್ರತಿಗಳು ಮಸ್ಕಿ, ಬ್ರಹ್ಮಗಿರಿ, ನಿಟ್ಟೂರು, ಉಡೇಗೊಳಗಳಲ್ಲಿವೆ. ಆದ್ದರಿಂದ ಗವಿಮಠದ ಮೌನವನ್ನು ಬೇರೊಬ್ಬ ಕರ್ತೃವಿನ ಸಾಕ್ಷ್ಯವೆಂದು ಓದುವುದು ಸಲ್ಲದು. ಹಾಗೆಯೇ, ಮಸ್ಕಿಯ ಹೆಸರನ್ನು ಟಿಪ್ಪಣಿಯಿಲ್ಲದೆ ಕೊಪ್ಪಳದ ಪಾಠಕ್ಕೆ ಸೇರಿಸುವುದೂ ಸಲ್ಲದು. ಕೊಪ್ಪಳದ ಶಾಸನಗಳು ಅಶೋಕನವೆಂಬುದು ಓದಿ ಕಂಡದ್ದಲ್ಲ, ಪಾಠಗಳನ್ನು ಹೋಲಿಸಿ ತಲುಪಿದ ನಿರ್ಣಯ. ಅದನ್ನು ಹಾಗೆಂದೇ ದಾಖಲಿಸಬೇಕು.