ಫಲಕದ ಮೇಲಿನ ‘ರೋಡ್’

ಹೋಟಗಿ–ಗದಗ ರೈಲುಮಾರ್ಗದಲ್ಲಿ ‘ಇಂಡಿ ರೋಡ್’ ಎಂಬ ನಿಲ್ದಾಣವಿದೆ. ವಿಜಯಪುರ ದಾಟಿ ದಕ್ಷಿಣಕ್ಕೆ ಹೋದರೆ ‘ಬಸವನ ಬಾಗೇವಾಡಿ ರೋಡ್’ ಸಿಗುತ್ತದೆ. ಎರಡೂ ಕಡೆ ಇಳಿದವರು ಊರು ಮುಟ್ಟಲು ಇನ್ನೊಂದು ಗಾಡಿ ಹಿಡಿಯಬೇಕು. ಸುಬ್ರಹ್ಮಣ್ಯ ರೋಡ್, ಮಂತ್ರಾಲಯಂ ರೋಡ್‌ಗಳಲ್ಲಿ ಇಳಿದವರಿಗೆ ಈ ಪದದ ಅರ್ಥ ಗೊತ್ತು: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ‘ರೋಡ್’ ಕೂಡ ದಕ್ಕಲಿಲ್ಲ. ನಾಲ್ಕೂ ಊರುಗಳು ಹಳಿಯ ಮೂಡಣ ದಿಕ್ಕಿಗೇ ಉಳಿದವು.

ನನ್ನ ಸಂಶೋಧನೆ ಈ ಸೀಮೆಯ ಬರಗಾಲಗಳ ಕುರಿತದ್ದು. ರೈಲು ನಿಲ್ದಾಣಗಳ ಬಳಿಗೆ ನಾನು ಬಂದದ್ದೂ ಆ ದಾರಿಯಿಂದಲೇ.

1876–78ರ ಬರ, ಹಳಬರ ಲೆಕ್ಕದಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ, ಆಗಿನ ಕಲಾದಗಿ ಜಿಲ್ಲೆಯನ್ನು ನುಂಗಿತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಆ ಜಿಲ್ಲೆಯ ತಾಲ್ಲೂಕುಗಳು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6.5 ಲಕ್ಷಕ್ಕಿಂತ ಕೆಳಗಿಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಈ ಅಂಕಿ ಬಿಡಿಸಿ ಹೇಳುವುದಿಲ್ಲ.

ಸೊಲ್ಲಾಪುರಕ್ಕೆ ರೈಲು 1860ರಲ್ಲೇ ಬಂದಿತ್ತು. 1871ರ ಹೊತ್ತಿಗೆ ಅದು ರಾಯಚೂರನ್ನೂ ಮುಟ್ಟಿತ್ತು. ಕಾಳು ಅಲ್ಲಿಯವರೆಗೆ ಬರಬಹುದಿತ್ತು. ಮುಂದಿನ ದಾರಿ ಎತ್ತಿನ ಗಾಡಿಯದು. ಬರದಲ್ಲಿ ಎತ್ತಿಗೆ ಮೇವಿಲ್ಲ, ದಾರಿಯಲ್ಲಿ ನೀರಿಲ್ಲ. ಜನರಿಗೆ ಕಾಳು ತರಬೇಕಾದ ಎತ್ತುಗಳೇ ಮೊದಲು ಬಿದ್ದವು. 1880ರ ಬರಗಾಲ ಆಯೋಗ ಬರಪೀಡಿತ ಸೀಮೆಗಳಿಗೆ ರಕ್ಷಣಾ ರೈಲುಮಾರ್ಗಗಳು ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಸುಮಾರು 280 ಕಿಲೋಮೀಟರ್ ಉದ್ದದ ಹೋಟಗಿ–ಗದಗ ಮೀಟರ್‌ಗೇಜ್ ಹಳಿ ಸಂಚಾರಕ್ಕೆ ತೆರೆಯಿತು. ಭೀಮೆ, ಕೃಷ್ಣೆ, ಘಟಪ್ರಭೆ, ಮಲಪ್ರಭೆ, ನಾಲ್ಕು ಹೊಳೆಗಳನ್ನು ಅದು ದಾಟಿತು. ಮರುವರ್ಷ ಜಿಲ್ಲಾಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಹಳಿ ಎಲ್ಲಿಗೆ ಬಂತೋ ಅಧಿಕಾರವೂ ಅಲ್ಲಿಗೆ ಬಂತು.

ಬರಕ್ಕಾಗಿ ಹಾಕಿದ ಹಳಿ ಬರಕ್ಕಷ್ಟೇ ದುಡಿಯಲಿಲ್ಲ. ಗದಗ ಹತ್ತಿಯ ದೊಡ್ಡ ಪೇಟೆ. ಅಲ್ಲಿಂದ ಪಶ್ಚಿಮಕ್ಕೆ ಹೋದ ಹಳಿ 1888ರ ಹೊತ್ತಿಗೆ ಮುರ್ಮಗೋವಾ ಬಂದರನ್ನು ಸೇರಿತು. ಕಾಳು ಒಳಗೆ ತರುವ ದಾರಿಯೇ ಹತ್ತಿಯನ್ನು ಹೊರಗೆ ಒಯ್ಯುವ ದಾರಿಯೂ ಆಯಿತು. ಇಂಥ ಮಾರ್ಗಗಳ ಸಣ್ಣ ನಿಲ್ದಾಣಗಳನ್ನು ಕಂಪನಿಗಳು ಸಾಮಾನ್ಯವಾಗಿ ಒಂದೇ ನಕ್ಷೆಯಲ್ಲಿ ಕಟ್ಟಿಸುತ್ತಿದ್ದವು: ಮಾಸ್ತರರ ಕೋಣೆ, ಟಿಕೆಟ್ ಕಿಟಕಿ, ಮುಂದೊಂದು ಪಡಸಾಲೆ, ಪಕ್ಕದಲ್ಲಿ ಸರಕಿನ ಕಟ್ಟೆ. ಆ ಕಟ್ಟೆಯನ್ನು ನೋಡಿದರೆ ಸಾಕು, ಕಂಪನಿಗೆ ಜನರಷ್ಟೇ ಸರಕೂ ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ.

ಒಂದು ನಿಲ್ದಾಣ ಊರಿಗೆ ಏನು ತರಬಲ್ಲದು ಎಂಬುದಕ್ಕೆ ಇದೇ ಮಾರ್ಗದ ನಿಂಬಾಳವನ್ನು ನೋಡಬೇಕು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತತ್ತ್ವಜ್ಞಾನಿ ಗುರುದೇವ ರಾನಡೆ ನೆಲೆಸಿ, 1957ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ದೂರದೂರದ ಸಾಧಕರು ಆ ಪುಟ್ಟ ಹಳ್ಳಿಯನ್ನು ಅರಸಿಕೊಂಡು ಬಂದರು. ಅತ್ತ ಆಲಮಟ್ಟಿಯಿಂದ ಮುದ್ದೇಬಿಹಾಳದ ಮೂಲಕ ಯಾದಗಿರಿಗೆ ಹಳಿ ಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ.

ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಕರಗಿತು. ಈ ಶತಮಾನದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು, ಆಮೇಲೆ ಜೋಡಿಹಳಿ. ಇದೆಲ್ಲ ಬೇಕಾದದ್ದೇ. ಆದರೆ ಪ್ರತಿ ಸಲ ಪ್ಲಾಟ್‌ಫಾರ್ಮ್ ಎತ್ತರಿಸುವಾಗ, ಹೊಸ ಕಟ್ಟಡ ಎಬ್ಬಿಸುವಾಗ ಹಳೆಯದೊಂದು ಗೋಡೆ ಸದ್ದಿಲ್ಲದೆ ಹೋಗುತ್ತದೆ. ಗೋಳಗುಮ್ಮಟವಿರುವ ಜಿಲ್ಲೆಯಲ್ಲಿ ಟಿಕೆಟ್ ಕಿಟಕಿಯನ್ನು ಸ್ಮಾರಕವೆಂದು ಯಾರು ಕರೆದಾರು?

ಕರೆಯಬೇಕೆಂದು ನನಗನಿಸುತ್ತದೆ. ಬಾದಶಹರಿಗೆ ಗೋರಿಗಳಿವೆ, 1876ರಲ್ಲಿ ಹಸಿದು ಸತ್ತವರ ಹೆಸರು ಕೆತ್ತಿದ ಕಲ್ಲು ನಾನು ತಿರುಗಿದ ಯಾವ ಊರಿನಲ್ಲೂ ಸಿಗಲಿಲ್ಲ. ಅವರ ಸಾವಿನ ನಂತರ, ಅವರ ಕಾರಣಕ್ಕೆ ಬಂದ ಹಳಿಯೇ ಅವರ ಗುರುತು. ಎಲ್ಲ ನಿಲ್ದಾಣಗಳನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೆಡವುವ ಮೊದಲು ಅಳತೆ ತೆಗೆದು, ಚಿತ್ರ ಹಿಡಿದು, ಹಳಿ ಯಾಕೆ ಬಂತೆಂದು ನಾಲ್ಕು ಸಾಲು ಬರೆದು ಗೋಡೆಗೆ ಹಾಕಬಹುದು. ಬಸ್ಸಿಗಾಗಿ ಕಾಯುವವರು ಓದಿಕೊಳ್ಳುತ್ತಾರೆ. ‘ರೋಡ್’ ಎಂಬ ಹೆಸರಿನ ನಿಲ್ದಾಣಗಳಲ್ಲಿ ಕಾಯುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ.